ನಾಲ್ಕನೆಯ ವರ್ಷದ ನೀರು: ಭೀಮಾ ಕೊಳ್ಳದ ಜಲಯೋಜನೆಯನ್ನು ಕುರಿತು

ಸೊನ್ನಲಿಗೆಯ ಸಿದ್ಧರಾಮನನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳು ವಚನಕಾರನೆಂದು ಬಲ್ಲರು. ಸೊಲ್ಲಾಪುರದ ಜನಸಾಮಾನ್ಯರು ಅವನನ್ನು ಕೆರೆ ಕಟ್ಟಿಸಿದ ಮಹಾನುಭಾವನೆಂದು ನೆನೆಯುತ್ತಾರೆ. 12ನೆಯ ಶತಮಾನದಲ್ಲಿ ಅವನ ನೇತೃತ್ವದಲ್ಲಿ ತೋಡಿದುದೆಂದು ಪರಂಪರೆ ಹೇಳುವ ಆ ಕೆರೆ ಇಂದಿಗೂ ಸೊಲ್ಲಾಪುರದ ಕೋಟೆಯ ಮಗ್ಗುಲಲ್ಲಿದೆ. ಅದರ ನಡುವೆ ಸಿದ್ಧೇಶ್ವರನ ಗುಡಿಯಿದೆ. ರಾಘವಾಂಕನು ಈ ಶಿವಯೋಗಿಯ ಚಾರಿತ್ರವನ್ನು ಕಾವ್ಯವಾಗಿಸಿದನು. 20ನೆಯ ಶತಮಾನದಲ್ಲಿ ಅದೇ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಅವನನ್ನೇ ನಾಯಕನನ್ನಾಗಿಸಿ ಮಹಾಕಾವ್ಯವನ್ನು ರಚಿಸಿದರು. ಯೋಗಿಯೊಬ್ಬನು ಕೆರೆ ತೋಡುವುದನ್ನೇ ತನ್ನ ಸಾಧನೆಯ ಅಂಗವೆಂದು ಭಾವಿಸಲು ಕಾರಣವಾದ ನೆಲ ಎಂತಹುದು ಎಂಬ ಪ್ರಶ್ನೆಯನ್ನು ಸಾಹಿತ್ಯಾಭ್ಯಾಸಿಗಳು ಸಾಮಾನ್ಯವಾಗಿ ಕೇಳುವುದಿಲ್ಲ. ಆ ನೆಲ ಭೀಮಾ ನದಿಯ ಕೊಳ್ಳ. ಅಲ್ಲಿ ಮಳೆ ಕಡಿಮೆ. ಬಂದರೂ ಅದು ನಂಬಿಕೆಗೆ ಅರ್ಹವಲ್ಲ.

ಮುಂಬಯಿ, ಪುಣೆಗಳಲ್ಲಿ ನೆಲಸಿರುವ ಕನ್ನಡಿಗರಿಗೆ ಈ ಕೊಳ್ಳದೊಡನೆ ಇನ್ನೂ ನಿಕಟವಾದ ಸಂಬಂಧಗಳಿವೆ. ಪುಣೆಯ ಕನ್ನಡಿಗನು ಕುಡಿಯುವ ನೀರು ಭೀಮೆಯ ಉಪನದಿಯಾದ ಮುಠೆಯದು. ಮುಂಬಯಿಗೆ ಬರುವ ವಿದ್ಯುತ್ತಿನ ಒಂದು ಅಂಶ ಭೀಮೆಯ ಮೇಲ್ಭಾಗದ ನೀರಿನಿಂದ ಹುಟ್ಟುತ್ತದೆ. ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ ಈ ಎರಡು ನಗರಗಳ ಕಟ್ಟಡ ಕೆಲಸಕ್ಕೆ ಗುಳೆ ಬರುವ ಕುಟುಂಬಗಳಲ್ಲಿ ಹಲವು ಇದೇ ನದಿಯ ಕೆಳಭಾಗದ ದಂಡೆಗಳನ್ನು ಬಿಟ್ಟು ಬಂದಿರುತ್ತವೆ. ಮೇಲೆ ನೀರು ಪಡೆದವರೂ ಕೆಳಗೆ ನೀರು ಕಾಣದವರೂ ಒಂದೇ ಊರಿನಲ್ಲಿ, ಒಂದೇ ಭಾಷೆಯವರಾಗಿ ಬಾಳುತ್ತಿದ್ದಾರೆ. ಆದುದರಿಂದ ಒಂದು ಕೃಷಿಪ್ರಧಾನವಾದ ನದೀಕೊಳ್ಳದ ನೀರನ್ನು ಬಹುಕಾಲ ಬಾಳುವಂತೆ ಯೋಜಿಸುವುದೆಂದರೇನು ಎಂಬುದನ್ನು ಭೀಮೆಯ ನಿದರ್ಶನದಿಂದ ವಿವರಿಸುವುದು ಈ ಸಂಪುಟದಲ್ಲಿ ಅಪ್ರಸ್ತುತವಾಗಲಾರದು.

1. ಕೊಳ್ಳದ ಸ್ವರೂಪ

ಭೀಮಾ ನದಿಯು ಪುಣೆ ಜಿಲ್ಲೆಯ ಭೀಮಾಶಂಕರದ ಬಳಿ ಸಹ್ಯಾದ್ರಿಯಲ್ಲಿ ಹುಟ್ಟುತ್ತದೆ. ಆಗ್ನೇಯ ದಿಕ್ಕಿಗೆ ಸುಮಾರು 860 ಕಿಲೋಮೀಟರು ಹರಿದು ರಾಯಚೂರಿನ ಉತ್ತರದಲ್ಲಿ ಕೃಷ್ಣೆಯನ್ನು ಕೂಡಿಕೊಳ್ಳುತ್ತದೆ. ಇಂದ್ರಾಯಣಿ, ಮುಳಾ-ಮುಠಾ, ಘೋಡ, ನೀರಾ, ಮಾಣ, ಸೀನಾ ನದಿಗಳು ಮಹಾರಾಷ್ಟ್ರದ ಕಡೆಯಿಂದ ಅದಕ್ಕೆ ನೀರು ತರುತ್ತವೆ. ಕರ್ನಾಟಕವನ್ನು ಹೊಕ್ಕ ಮೇಲೆ ಅಮರ್ಜಾ, ಕಾಗಿಣಾ ಮುಂತಾದವು ಸೇರುತ್ತವೆ. ಪಂಢರಪುರದಲ್ಲಿ ಇದೇ ನದಿ ಚಂದ್ರಭಾಗೆ. ಗಾಣಗಾಪುರದಲ್ಲಿ ಅಮರ್ಜಾ ಸಂಗಮ. ಇನ್ನೂ ಕೆಳಗೆ ಅಶೋಕನ ಶಾಸನ ದೊರೆತ ಸನ್ನತಿ. ಕೊಳ್ಳದ ಒಟ್ಟು ವಿಸ್ತೀರ್ಣ ಸುಮಾರು 70 ಸಾವಿರ ಚದರ ಕಿಲೋಮೀಟರು. ಅದರ ಹೆಚ್ಚಿನ ಪಾಲು ಮಹಾರಾಷ್ಟ್ರಕ್ಕೆ ಸೇರಿದ್ದು, ಉಳಿದುದರಲ್ಲಿ ಬಹುಭಾಗ ಕರ್ನಾಟಕಕ್ಕೆ ಸೇರಿದೆ.

ಈ ಕೊಳ್ಳದ ಮುಖ್ಯ ಲಕ್ಷಣ ಮಳೆಯ ಅಸಮಾನತೆ. ಘಟ್ಟದ ನೆತ್ತಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಅಲ್ಲಿಂದ ಕೆಲವೇ ಹರದಾರಿ ಪೂರ್ವಕ್ಕೆ ಪುಣೆಯಲ್ಲಿ ಅದು ಸುಮಾರು 700 ಮಿಲಿಮೀಟರಿಗೆ ಇಳಿಯುತ್ತದೆ. ಸೊಲ್ಲಾಪುರದ ಬಯಲಿನಲ್ಲಿ 500-600 ಮಿಲಿಮೀಟರು ಬಂದರೆ ಒಳ್ಳೆಯ ವರ್ಷ. ನದಿಯ ನೀರಿನ ದೊಡ್ಡ ಭಾಗ ಘಟ್ಟಕ್ಕೆ ಅಂಟಿಕೊಂಡ ಕಿರಿದಾದ ಪಟ್ಟಿಯಲ್ಲಿ, ಜೂನ್ ತಿಂಗಳಿನಿಂದ ಸೆಪ್ಟೆಂಬರದೊಳಗೆ ಹುಟ್ಟಿಬಿಡುತ್ತದೆ. ಅದನ್ನು ಬೇಡುವ ಹೊಲಗಳಾದರೋ ನೂರಾರು ಕಿಲೋಮೀಟರು ಕೆಳಗಿವೆ; ಅವು ಬೇಡುವ ಕಾಲವೂ ಚಳಿಗಾಲ ಮತ್ತು ಬೇಸಗೆ. ನೀರು ಹುಟ್ಟುವ ಸ್ಥಳ ಬೇರೆ, ಬೇಕಾಗುವ ಸ್ಥಳ ಬೇರೆ. ಹುಟ್ಟುವ ಕಾಲ ಬೇರೆ, ಬೇಕಾಗುವ ಕಾಲ ಬೇರೆ. ಈ ಎರಡು ಅಂತರಗಳನ್ನು ತುಂಬುವ ಪ್ರಯತ್ನವೇ ಇಲ್ಲಿನ ನೀರಾವರಿಯ ಇತಿಹಾಸವೆನ್ನಬಹುದು.

ನೆಲದ ಗುಣವನ್ನೂ ಗಮನಿಸಬೇಕು. ಕೊಳ್ಳದ ಬಹುಭಾಗ ಜ್ವಾಲಾಮುಖಿಯಿಂದಾದ ಕಪ್ಪು ಬಸಾಲ್ಟ್ ಶಿಲೆಯ ಮೇಲಿದೆ. ಈ ಬಂಡೆ ನೀರನ್ನು ಬಿರುಕುಗಳಲ್ಲಿ ಮಾತ್ರ ಹಿಡಿದಿಡುತ್ತದೆ. ಗಂಗಾ ಬಯಲಿನ ಮರಳಿನಂತೆ ಆಳವಾದ ಅಂತರ್ಜಲ ಭಂಡಾರ ಇಲ್ಲಿಲ್ಲ. ಆದರೆ ಬಂಡೆಯ ಮೇಲಿನ ಕಪ್ಪು ಎರೆಮಣ್ಣಿಗೆ ಮಳೆಯ ತೇವವನ್ನು ತಿಂಗಳುಗಟ್ಟಲೆ ಕಾಯ್ದಿಡುವ ಶಕ್ತಿಯಿದೆ. ಸೆಪ್ಟೆಂಬರದ ಮಳೆಯನ್ನು ಕುಡಿದ ಎರೆಯಲ್ಲಿ ಹಿಂಗಾರಿ ಬಿಳಿಜೋಳವನ್ನು ಬಿತ್ತಿ, ಮುಂದೆ ಮಳೆಯಿಲ್ಲದೆಯೂ ಬೆಳೆ ತೆಗೆಯುವ ವಿದ್ಯೆ ಇಲ್ಲಿನ ರೈತರದು. ಮಾಲದಂಡಿ ಜೋಳದ ಎಂ-35-1 ಎಂಬ ಪ್ರಸಿದ್ಧ ತಳಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿಯೇ ಆಯ್ಕೆಗೊಂಡಿತು.

2. ನೀರಿನ ಲೆಕ್ಕ ಮತ್ತು ಅದರಲ್ಲಿ ಅಡಗಿರುವ ಬರ

ನದಿಯ ನೀರನ್ನು ನಮ್ಮಲ್ಲಿ ಟಿಎಂಸಿ, ಎಂದರೆ ನೂರು ಕೋಟಿ ಘನ ಅಡಿಗಳ ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಟಿಎಂಸಿ ಸುಮಾರು 2.83 ಕೋಟಿ ಘನ ಮೀಟರಿಗೆ ಸಮ; ಲೀಟರುಗಳಲ್ಲಿ ಹೇಳುವುದಾದರೆ 2,830 ಕೋಟಿ ಲೀಟರು. ಪತ್ರಿಕೆಗಳಲ್ಲಿ ಈ ಶಬ್ದ ದಿನವೂ ಕಾಣಿಸಿಕೊಂಡರೂ ಅದರ ಹಿಂದಿರುವ ಇನ್ನೊಂದು ಲೆಕ್ಕ ಸಾಮಾನ್ಯ ವಾಚಕರ ಕಣ್ಣಿಗೆ ಬೀಳುವುದಿಲ್ಲ.

ನದಿಯಲ್ಲಿ ವರ್ಷ ವರ್ಷವೂ ಒಂದೇ ಪ್ರಮಾಣದ ನೀರು ಬರುವುದಿಲ್ಲವಾದ್ದರಿಂದ ಎಂಜಿನಿಯರರು ಭರವಸೆಯ ಪ್ರಮಾಣವೊಂದನ್ನು ಇಟ್ಟುಕೊಳ್ಳುತ್ತಾರೆ. ಹಲವು ದಶಕಗಳ ಹರಿವನ್ನು ಹಿರಿದರಿಂದ ಕಿರಿದಕ್ಕೆ ಸಾಲಾಗಿ ಜೋಡಿಸಿ, ನೂರರಲ್ಲಿ 75 ವರ್ಷಗಳು ಎಷ್ಟು ನೀರನ್ನಾದರೂ ತಪ್ಪದೆ ಕೊಟ್ಟಿವೆಯೋ ಅಷ್ಟನ್ನು ಶೇಕಡಾ 75 ಭರವಸೆಯ ನೀರೆಂದು ಕರೆಯುತ್ತಾರೆ. ನ್ಯಾಯಮೂರ್ತಿ ಬಚಾವತರ ಅಧ್ಯಕ್ಷತೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿಯು ಈ ಕ್ರಮದಲ್ಲಿಯೇ ಇಡೀ ಕೃಷ್ಣಾ ಕೊಳ್ಳದ ನೀರನ್ನು 2060 ಟಿಎಂಸಿ ಎಂದು ನಿಗದಿಗೊಳಿಸಿತು. ಅದರಲ್ಲಿ ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಅಂದಿನ ಆಂಧ್ರಪ್ರದೇಶಕ್ಕೆ 800 ಟಿಎಂಸಿ ಹಂಚಿತು. ಹೊಲಗಳಿಂದ ನದಿಗೆ ಮರಳುವ ನೀರನ್ನು ಇದಕ್ಕೆ ಪ್ರತ್ಯೇಕವಾಗಿ ಕೂಡಿಸಿತು. ಅದರ ಅಂತಿಮ ತೀರ್ಪು 1976ರಲ್ಲಿ ಪ್ರಕಟವಾಯಿತು.

ಶೇಕಡಾ 75 ಭರವಸೆ ಎಂಬ ಮಾತಿನ ಇನ್ನೊಂದು ಮುಖವನ್ನು ನಾವು ಮನಗಾಣಬೇಕು. ಸರಾಸರಿಯಾಗಿ ಪ್ರತಿ ನಾಲ್ಕು ವರ್ಷಗಳಲ್ಲಿ ಒಂದು ವರ್ಷ ಯೋಜನೆಯ ಲೆಕ್ಕಕ್ಕಿಂತ ಕಡಿಮೆ ನೀರು ಬರುತ್ತದೆ ಎಂದು ಅದರ ಅರ್ಥ. ಆ ವರ್ಷ ಬಂದಾಗ ನಾವು ಅದನ್ನು ಪ್ರಕೃತಿಯ ಮುನಿಸೆನ್ನುತ್ತೇವೆ. ವಾಸ್ತವವಾಗಿ ಅದು ನಾವೇ ಒಪ್ಪಿಕೊಂಡು ಬರೆದ ಲೆಕ್ಕದ ಒಂದು ಭಾಗ. ಅಣೆಕಟ್ಟು, ಕಾಲುವೆ, ಅಚ್ಚುಕಟ್ಟುಗಳ ಯೋಜನೆಗಳೆಲ್ಲ ನೀರು ಬರುವ ಮೂರು ವರ್ಷಗಳಿಗಾಗಿ ರಚಿತವಾಗಿವೆ. ನೀರು ಸಾಲದ ನಾಲ್ಕನೆಯ ವರ್ಷದಲ್ಲಿ ಯಾರು ಎಷ್ಟನ್ನು ಬಿಡಬೇಕು ಎಂಬ ಬರಹ ಎಲ್ಲಿಯೂ ಇಲ್ಲ. ಒಂದು ಕೊಳ್ಳದ ಜಲಯೋಜನೆ ಬಾಳುವುದೋ ಇಲ್ಲವೋ ಎಂಬುದು ಈ ನಾಲ್ಕನೆಯ ವರ್ಷದಲ್ಲಿ ನಿಶ್ಚಿತವಾಗುತ್ತದೆ ಎಂಬುದೇ ಪ್ರಸ್ತುತ ಲೇಖನದ ಪ್ರತಿಪಾದನೆ.

3. ಕಟ್ಟೆಗಳ ಕಥೆ

ಆಧುನಿಕ ಕಾಲದಲ್ಲಿ ಈ ಕೊಳ್ಳದ ನೀರಾವರಿಯು ಬರಪರಿಹಾರವಾಗಿ ಆರಂಭವಾಯಿತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಸರಕಾರವು ಮುಠಾ ನದಿಗೆ ಖಡಕವಾಸಲಾ ಕಟ್ಟೆಯನ್ನೂ ಭಾಟಘರದ ಜಲಾಶಯವನ್ನೂ ನೀರಾ ಕಾಲುವೆಯನ್ನೂ ಕಟ್ಟಿಸಿತು. 1876-78ರ ಘೋರ ಕ್ಷಾಮ ಈ ಕೆಲಸಗಳಿಗೆ ತ್ವರೆಯನ್ನು ಕೊಟ್ಟಿತು. ನೀರನ್ನು ತೆಳುವಾಗಿ ಹರಡಿ ಹೆಚ್ಚು ಹಳ್ಳಿಗಳ ಜೋಳ, ಸಜ್ಜೆಗಳನ್ನು ಉಳಿಸುವುದು ಉದ್ದೇಶವಾಗಿತ್ತು. ಆದರೆ ಮಳೆ ಬಂದ ವರ್ಷ ರೈತರು ಕಾಲುವೆಯ ನೀರನ್ನು ಕೊಳ್ಳಲಿಲ್ಲ. ಬಾರದ ವರ್ಷ ಎಲ್ಲರೂ ಒಮ್ಮೆಗೇ ಬೇಡಿದರು. ವರ್ಷವಿಡೀ ನೀರು ಕೊಂಡು ಸರಕಾರಕ್ಕೆ ಕರ ತರುತ್ತಿದ್ದುದು ಕಬ್ಬು ಒಂದೇ. ಹೀಗೆ ಬರದಿಂದ ಕಾಯಲೆಂದು ತೋಡಿದ ಕಾಲುವೆಗಳು ಕಬ್ಬಿನ ಕಾಲುವೆಗಳಾದವು. ಕಾಲುವೆಯ ತಲೆಯ ಹಳ್ಳಿಗಳಲ್ಲಿ ನೀರು ನಿಂತು ನೆಲ ಜೌಗಾಯಿತು. ಕೊನೆಯಂಚಿನ ಹಳ್ಳಿಗಳಿಗೆ ನೀರು ತಲಪಲಿಲ್ಲ.

ಈ ದೋಷವನ್ನು ಮೊದಲಿಗೆ ಗುರುತಿಸಿ ಪರಿಹಾರವನ್ನು ಸೂಚಿಸಿದವರಲ್ಲಿ ಕನ್ನಡನಾಡಿನ ಎಂಜಿನಿಯರರೊಬ್ಬರು ಪ್ರಮುಖರು ಎಂಬುದು ಇಲ್ಲಿ ಸ್ಮರಣೀಯ. ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು ಖಡಕವಾಸಲಾ ಕಟ್ಟೆಗೆ ತಾವು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು 1903ರಲ್ಲಿ ಅಳವಡಿಸಿದುದು ಪ್ರಸಿದ್ಧವಾಗಿದೆ. ಅದಕ್ಕಿಂತ ಕಡಿಮೆ ಪ್ರಸಿದ್ಧವಾದುದು ಅವರ 'ಬ್ಲಾಕ್ ಪದ್ಧತಿ'. ಕಾಲುವೆಯ ಕೆಳಗಿನ ನೆಲವನ್ನು ಬ್ಲಾಕುಗಳಾಗಿ ಗುರುತಿಸಿ ಅವನ್ನು ಹಲವು ಹಳ್ಳಿಗಳಲ್ಲಿ ಹರಡಬೇಕು. ಒಂದೊಂದು ಬ್ಲಾಕಿನಲ್ಲಿ ಕಬ್ಬು ಒಂದು ಭಾಗಕ್ಕೆ ಮಾತ್ರ ಸೀಮಿತವಾಗಿ, ಉಳಿದ ನೆಲದಲ್ಲಿ ಋತುಮಾನದ ಬೆಳೆಗಳು ಸರದಿಯಂತೆ ಬರಬೇಕು ಎಂಬುದು ಅದರ ತಿರುಳು. ಕೆಲವರ ಕೈಯಲ್ಲಿ ದಟ್ಟೈಸುತ್ತಿದ್ದ ನೀರನ್ನು ಹಲವರಿಗೆ ಹಂಚುವ ಉಪಾಯವಿದು. ಹಂಚಿಕೆಯೂ ಎಂಜಿನಿಯರಿಂಗಿನ ವಿಷಯವೇ ಎಂಬುದನ್ನು ಅವರು ಆಗಲೇ ಅರಿತಿದ್ದರು.

ಅದೇ ಕಾಲದಲ್ಲಿ ಇನ್ನೊಂದು ಬಗೆಯ ಕಟ್ಟೆಗಳು ಘಟ್ಟದ ನೆತ್ತಿಯಲ್ಲಿ ಎದ್ದವು. ಪೂರ್ವಕ್ಕೆ ಹರಿಯಬೇಕಾದ ನೀರನ್ನು ತಡೆದು ಪಶ್ಚಿಮದ ಕಡಿದಾದ ಇಳಿಜಾರಿನಲ್ಲಿ ಬೀಳಿಸಿ ವಿದ್ಯುತ್ತನ್ನು ಪಡೆಯುವ ಟಾಟಾ ಯೋಜನೆಗಳಿವು: ಖೋಪೋಲಿ (1915), ಭಿವಪುರಿ (1922), ಭಿರಾ (1927). ಭಿರಾ ಕೇಂದ್ರಕ್ಕಾಗಿ ಮುಳಶಿಯ ಹಳ್ಳಿಗಳು ಮುಳುಗಿದಾಗ ಸೇನಾಪತಿ ಬಾಪಟರ ನೇತೃತ್ವದಲ್ಲಿ ನಡೆದ ಮುಳಶಿ ಸತ್ಯಾಗ್ರಹ ನಮ್ಮ ದೇಶದ ಅಣೆಕಟ್ಟು ವಿರೋಧಿ ಹೋರಾಟಗಳಲ್ಲಿ ಆದ್ಯವಾದುದು. ಮುಂಬಯಿಯ ಗಿರಣಿಗಳನ್ನೂ ರೈಲುಗಳನ್ನೂ ನಡೆಸಿದ ಈ ನೀರು ಕೆಲಸ ಮುಗಿಸಿ ಕೊಂಕಣದ ನದಿಗಳ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ, ಭೀಮೆಗೆ ಮರಳುವುದಿಲ್ಲ. ಬಚಾವತ್ ತೀರ್ಪು ಇದಕ್ಕೆ ಮಿತಿಯನ್ನು ಹಾಕಿ, ಯಾವುದೇ 5 ವರ್ಷಗಳಲ್ಲಿ 212 ಟಿಎಂಸಿಯನ್ನು ಮೀರಬಾರದೆಂದಿತು. ಎಂದರೆ ವರ್ಷಕ್ಕೆ ಸರಾಸರಿ 42 ಟಿಎಂಸಿಗೆ ಮಿಕ್ಕಿದ ನೀರು.

ಈ ಸಂಖ್ಯೆಯ ತೂಕವನ್ನು ಅರಿಯಲು ಅದನ್ನು ಉಜನಿಯೊಡನೆ ಹೋಲಿಸಬೇಕು. 1980ರಲ್ಲಿ ಪೂರ್ಣಗೊಂಡ ಉಜನಿ ಈ ಕೊಳ್ಳದ ಅತಿ ದೊಡ್ಡ ಜಲಾಶಯ. ಅದರ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಅದರಲ್ಲಿ ಕಾಲುವೆಗೆ ಒದಗುವ ಬಳಕೆಯ ಸಂಗ್ರಹ ಸುಮಾರು 54 ಟಿಎಂಸಿ ಮಾತ್ರ. ಉಳಿದ 63 ಟಿಎಂಸಿಯನ್ನು ಮೃತಸಂಗ್ರಹವೆನ್ನುತ್ತಾರೆ. ಬರದ ವರ್ಷಗಳಲ್ಲಿ ನೀರು ಬಳಕೆಯ ಮಟ್ಟದಿಂದ ಕೆಳಗಿಳಿದು, ಪತ್ರಿಕೆಗಳು ಉಜನಿಯ ಸಂಗ್ರಹವನ್ನು ಋಣ ಚಿಹ್ನೆಯೊಡನೆ ಪ್ರಕಟಿಸುವುದುಂಟು. ಸಾಲವೆಂದು ತೆಗೆದ ಆ ನೀರನ್ನು ಮುಂದಿನ ಮಳೆಗಾಲ ಮೊದಲು ತೀರಿಸಬೇಕು. ಆಮೇಲೆ ಮಾತ್ರ ಕಾಲುವೆಗೆ ನೀರು.

4. ಬೆಳೆಯ ಆಯ್ಕೆ ನೀರಿನ ಹಂಚಿಕೆಯೇ

ಮಣ್ಣು, ಹವೆಗಳನ್ನು ಅನುಸರಿಸಿ ಕಬ್ಬಿನ ಬೆಳೆಗೆ ಸುಮಾರು 2000 ಮಿಲಿಮೀಟರು ಅಥವಾ ಅದಕ್ಕೂ ಹೆಚ್ಚು ನೀರು ಬೇಕು. ಒಂದು ಹೆಕ್ಟೇರಿಗೆ ಅದು 2 ಕೋಟಿ ಲೀಟರಾಗುತ್ತದೆ. ದಾರಿಯ ಸೋರಿಕೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಒಂದು ಟಿಎಂಸಿ ನೀರು ಸುಮಾರು 1,400 ಹೆಕ್ಟೇರು ಕಬ್ಬಿಗೆ ಸಾಲುತ್ತದೆ. ಅದೇ ನೀರನ್ನು ಎರೆಭೂಮಿಯ ಹಿಂಗಾರಿ ಜೋಳಕ್ಕೆ ತಲಾ 75 ಮಿಲಿಮೀಟರಿನಂತೆ ಎರಡು ಸಲ ಆಸರೆಯ ನೀರಾಗಿ ಕೊಟ್ಟರೆ ಸುಮಾರು 18,900 ಹೆಕ್ಟೇರಿಗೆ ಸಾಲುತ್ತದೆ. ಇನ್ನೊಂದು ಹೋಲಿಕೆಯನ್ನೂ ಮಾಡಬಹುದು. ಹತ್ತು ಲಕ್ಷ ಜನರಿಗೆ ದಿನಕ್ಕೆ ತಲಾ 135 ಲೀಟರಿನಂತೆ ವರ್ಷವಿಡೀ ನೀರು ಕೊಡಲು ಸುಮಾರು 1.75 ಟಿಎಂಸಿ ಬೇಕು. ಅಷ್ಟು ನೀರನ್ನು ಸುಮಾರು 2,500 ಹೆಕ್ಟೇರಿನ ಕಬ್ಬು ಕುಡಿದು ಮುಗಿಸುತ್ತದೆ. ಒಂದು ಮಹಾನಗರದ ಬಾಯಾರಿಕೆಗೂ ಕೆಲವು ಹಳ್ಳಿಗಳ ಕಬ್ಬಿಗೂ ಇರುವ ಪ್ರಮಾಣವಿದು.

ಕಬ್ಬಿನ ತೊಡಕು ಅದು ಕುಡಿಯುವ ನೀರಿನ ಪ್ರಮಾಣಕ್ಕೆ ಮುಗಿಯುವುದಿಲ್ಲ. ಅದು ನೆಲದಲ್ಲಿರುವ ಅವಧಿಯನ್ನೂ ಗಣಿಸಬೇಕು. ಜೋಳ, ಕಡಲೆ, ಕುಸುಬೆಗಳನ್ನು ಬಿತ್ತುವ ಮುನ್ನ ಜಲಾಶಯದಲ್ಲಿ ಎಷ್ಟು ನೀರಿದೆಯೆಂದು ನೋಡಬಹುದು. ನೀರು ಕಡಿಮೆಯಿದ್ದರೆ ಬಿತ್ತನೆಯನ್ನು ಕಡಿಮೆ ಮಾಡಬಹುದು. ಕಬ್ಬಾದರೋ ಹನ್ನೆರಡರಿಂದ ಹದಿನೆಂಟು ತಿಂಗಳ ಬೆಳೆ, ಆಮೇಲೆ ಕೂಳೆ. ಈ ವರ್ಷ ನೆಟ್ಟವನು ಮುಂದಿನ ಬೇಸಗೆಯ ನೀರನ್ನೂ, ಇನ್ನೂ ಬಾರದ ಮಳೆಯನ್ನೂ ಮುಂಗಡವಾಗಿ ಬೇಡಿದಂತಾಯಿತು. ನಾಲ್ಕನೆಯ ವರ್ಷ ಬಂದೆರಗಿದಾಗ ಕುಗ್ಗಲಾರದ ಬೇಡಿಕೆ ಅದು. ಆಗ ಕುಗ್ಗುವುದು ಕಾಲುವೆಯ ಕೊನೆಯಂಚಿನ ಜೋಳ, ನದಿಯ ಕೆಳದಂಡೆಯ ಕುಡಿಯುವ ನೀರು.

ಇದಕ್ಕೆ ರೈತನನ್ನು ದೂಷಿಸುವುದು ನ್ಯಾಯವಲ್ಲ. ಜೋಳದ ಬೆಲೆ ಪೇಟೆಯಲ್ಲಿ ಏರಿಳಿಯುತ್ತದೆ. ಕಬ್ಬಿಗೆ ಸರಕಾರ ಗೊತ್ತುಪಡಿಸಿದ ಬೆಲೆಯಿದೆ. ಕೊಳ್ಳುವ ಕಾರ್ಖಾನೆ ಸಮೀಪದಲ್ಲಿದೆ. ಸಾಲವೂ ಸುಲಭವಾಗಿ ದೊರೆಯುತ್ತದೆ. ಆಲಿಕಲ್ಲಿಗೂ ಅಕಾಲದ ಮಳೆಗೂ ಅದು ಬೇಗ ಕೆಡುವುದಿಲ್ಲ. ಅನಿಶ್ಚಿತವಾದ ಬದುಕಿನಲ್ಲಿ ರೈತನು ನಿಶ್ಚಿತವಾದುದನ್ನು ಆರಿಸಿಕೊಂಡಿದ್ದಾನೆ. ಆದುದರಿಂದ ಬೆಳೆಯ ಬದಲಾವಣೆಯನ್ನು ಬಯಸುವ ಯೋಜನೆಯು ಕಾಲುವೆಯ ಬಾಗಿಲಿನಲ್ಲಿ ನಿಲ್ಲದೆ ಪೇಟೆಯವರೆಗೂ ನಡೆಯಬೇಕು. ಮಂಗಳವೇಢೆಯ ಜೋಳ, ಸೊಲ್ಲಾಪುರದ ದಾಳಿಂಬೆ, ಕಲಬುರಗಿಯ ತೊಗರಿ ಇವು ಮೂರೂ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಪಡೆದಿವೆ. ಮೂರೂ ಕಬ್ಬಿಗಿಂತ ಬಹಳ ಕಡಿಮೆ ನೀರಿನ ಬೆಳೆಗಳು. ಇವುಗಳಿಗೆ ಕಬ್ಬಿನಷ್ಟೇ ಖಚಿತವಾದ ಕೊಳ್ಳುವಿಕೆ ದೊರೆತ ದಿನ ನೀರಿನ ಉಳಿತಾಯಕ್ಕೆ ಪ್ರತ್ಯೇಕ ಉಪದೇಶ ಬೇಕಾಗಲಾರದು.

5. ಉಳಿತಾಯದ ಭ್ರಮೆ

ಹನಿ ನೀರಾವರಿಯಿಂದ ಸಮಸ್ಯೆಯೆಲ್ಲ ಬಗೆಹರಿಯುವುದೆಂಬ ನಂಬಿಕೆ ವ್ಯಾಪಕವಾಗಿದೆ. ಹನಿಯ ಕೊಳವೆಗಳಿಂದ ಹೊಲದಲ್ಲಿ ನೀರು ಉಳಿಯುವುದು ನಿಜ. ಆದರೆ ಹೊಲದ ಉಳಿತಾಯ ಕೊಳ್ಳದ ಉಳಿತಾಯವೂ ಆಗಬೇಕೆಂದಿಲ್ಲ. ಕಾಲುವೆಯಿಂದಲೂ ಹೊಲದಿಂದಲೂ ಇಂಗಿದ ನೀರು ಕೆಳಗಿನವರ ಬಾವಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ಹಳ್ಳಕ್ಕೆ ಒಸರಿ ನದಿಗೆ ಮರಳುತ್ತಿತ್ತು. ಬಚಾವತ್ ನ್ಯಾಯಮಂಡಳಿ ಮರಳುವ ನೀರಿಗೆ ಪ್ರತ್ಯೇಕವಾದ ಲೆಕ್ಕವನ್ನಿಟ್ಟುದು ಇದೇ ಕಾರಣಕ್ಕೆ. ಮೇಲಿನ ರೈತನು ಹನಿಯಿಂದ ಉಳಿಸಿದ ನೀರಿನಲ್ಲಿ ಇನ್ನೆರಡು ಎಕರೆ ಕಬ್ಬನ್ನು ಹೆಚ್ಚಿಸಿದರೆ ಕೊಳ್ಳದಿಂದ ಆವಿಯಾಗಿ ಹೋಗುವ ನೀರು ಹೆಚ್ಚುತ್ತದೆ. ಕೆಳಗೆ ಮರಳುವ ನೀರು ಕಡಿಮೆಯಾಗುತ್ತದೆ. ಒಟ್ಟು ಬಳಕೆಗೆ ಮಿತಿಯನ್ನು ಹಾಕಿದ ಮೇಲೆ ಮಾತ್ರ ಹನಿ ನೀರಾವರಿ ಉಳಿತಾಯದ ಸಾಧನವಾಗುತ್ತದೆ. ಮಿತಿಯಿಲ್ಲದಿದ್ದರೆ ಅದು ವಿಸ್ತರಣೆಯ ಸಾಧನ.

ಅಂತರ್ಜಲದ ವಿಷಯವೂ ಹೀಗೆಯೇ. ಕಡತಗಳಲ್ಲಿ ಬಾವಿಯ ನೀರು ಬೇರೆ, ನದಿಯ ನೀರು ಬೇರೆ. ನೆಲದಲ್ಲಿ ಅವೆರಡೂ ಒಂದೇ. ಬೇಸಗೆಯಲ್ಲಿ ಹಳ್ಳಗಳನ್ನು ಹರಿಯಿಸುತ್ತಿದ್ದುದು ಬಂಡೆಯ ಬಿರುಕುಗಳಿಂದ ಒಸರುತ್ತಿದ್ದ ನೀರು. ಕೊಳವೆ ಬಾವಿಗಳು ಆ ಬಿರುಕುಗಳನ್ನು ಬರಿದು ಮಾಡಿದಲ್ಲೆಲ್ಲ ಹಳ್ಳಗಳು ಮಳೆ ನಿಂತೊಡನೆ ಬತ್ತುತ್ತವೆ.

ನೀರಿನ ಗುಣವೂ ಲೆಕ್ಕದ ಒಳಗೆ ಬರಬೇಕು. ಪುಣೆ ಮತ್ತು ಪಿಂಪರಿ-ಚಿಂಚವಾಡದ ಮಲಿನಜಲ ಮುಳಾ-ಮುಠೆಯ ಮೂಲಕ ಭೀಮೆಗೆ ಇಳಿದು ಉಜನಿಯನ್ನು ಸೇರುತ್ತದೆ. ನಗರವು ಶುದ್ಧವಾದ ನೀರನ್ನು ಪಡೆದು ಅದರ ಬಹುಭಾಗವನ್ನು ಕೊಳೆಯೊಡನೆ ಮರಳಿಸುತ್ತದೆ. ಅಂಕಿಗಳ ಪಟ್ಟಿಯಲ್ಲಿ ಈ ನೀರು ಉಳಿದಿದೆ. ಕುಡಿಯುವವನ ಪಾಲಿಗೆ ಅದು ಕಳೆದುಹೋಗಿದೆ. ಪುಣೆಯಲ್ಲಿರುವ ನಾವು ಈ ಕೊಳ್ಳದ ಕೇವಲ ಪ್ರೇಕ್ಷಕರಲ್ಲ ಎಂಬುದನ್ನು ಇದರಿಂದ ಅರಿಯಬೇಕು.

6. ಹಂಚಿಕೆಯ ಎರಡು ಪ್ರಯೋಗಗಳು

ಮಿತಿಯೊಳಗೆ ಬಾಳುವುದು ಸಾಧ್ಯವೆ ಎಂಬ ಪ್ರಶ್ನೆಗೆ ಉತ್ತರವನ್ನು ಇದೇ ಪ್ರದೇಶದ ಹಳ್ಳಿಗಳು ಕೊಟ್ಟಿವೆ. 1972ರ ಬರದ ಅನಂತರ ಪುಣೆಯ ಎಂಜಿನಿಯರ್ ಹಾಗೂ ಉದ್ಯಮಿ ವಿಲಾಸರಾವ್ ಸಾಳುಂಖೆಯವರು ಪುರಂದರ ತಾಲೂಕಿನ ನಾಯಗಾಂವದಲ್ಲಿ ಕೆಲಸವನ್ನಾರಂಭಿಸಿದರು. ಭೀಮೆಗೆ ನೀರಾ ನದಿ ಉಪನದಿ. ನೀರೆಗೆ ಉಪನದಿಯಾದ ಕರ್‍ಹಾ ಹರಿಯುವ ಈ ತಾಲೂಕು ಮಳೆಯ ನೆರಳಿನಲ್ಲಿದೆ. ಅಲ್ಲಿ ಬೆಳೆದ 'ಪಾಣಿ ಪಂಚಾಯತ್' ಎಂಬ ಪದ್ಧತಿಯ ನಿಯಮಗಳು ಸರಳವಾಗಿದ್ದವು. ನೀರಿನ ಪಾಲನ್ನು ಹೊಲದ ವಿಸ್ತಾರ ನೋಡಿ ಕೊಡದೆ ಮನೆಯ ತಲೆಗಳನ್ನು ಎಣಿಸಿ ಕೊಡಬೇಕು: ತಲೆಗೆ ಅರ್ಧ ಎಕರೆ, ಕುಟುಂಬಕ್ಕೆ ಹೆಚ್ಚೆಂದರೆ ಎರಡೂವರೆ ಎಕರೆಗೆ ಸಾಕಾಗುವಷ್ಟು. ಭೂಮಿಯಿಲ್ಲದವನಿಗೂ ನೀರಿನಲ್ಲಿ ಹಕ್ಕುಂಟು. ಭೂಮಿಯನ್ನು ಮಾರಿದರೆ ಅದರೊಡನೆ ನೀರಿನ ಹಕ್ಕು ಹೋಗುವುದಿಲ್ಲ. ಯೋಜನೆಯ ವೆಚ್ಚದಲ್ಲಿ ಒಂದು ಪಾಲನ್ನು ಫಲಾನುಭವಿಗಳೇ ಹೊರಬೇಕು. ಕಬ್ಬನ್ನು ಬೆಳೆಯಬಾರದು.

ಎರಡನೆಯದು ಅಹಿಲ್ಯಾನಗರ (ಹಿಂದಿನ ಅಹಮದನಗರ) ಜಿಲ್ಲೆಯ ಹಿವರೆ ಬಾಜಾರ. 1990ರ ದಶಕದಿಂದ ಪೋಪಟರಾವ್ ಪವಾರರ ಮುಂದಾಳುತನದಲ್ಲಿ ಈ ಹಳ್ಳಿ ಗುಡ್ಡಗಳಿಗೆ ಒಡ್ಡು ಹಾಕಿತು, ಗಿಡ ನೆಟ್ಟಿತು. ನೀರಾವರಿಗಾಗಿ ಕೊಳವೆ ಬಾವಿ ತೋಡುವುದನ್ನೂ ಕಬ್ಬು, ಬಾಳೆಗಳನ್ನೂ ಗ್ರಾಮಸಭೆ ನಿಷೇಧಿಸಿತು. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಮಳೆಯನ್ನು ಅಳೆದು ಊರಿನ ನೀರಿನ ಆಯವ್ಯಯವನ್ನು ಸಿದ್ಧಪಡಿಸುತ್ತಾರೆ. ಮೊದಲು ಜನರಿಗೆ ಮತ್ತು ದನಗಳಿಗೆ; ಉಳಿದುದನ್ನು ನೋಡಿ ಯಾವ ಬೆಳೆ ಎಷ್ಟು ಎಂಬುದು ನಿರ್ಧಾರವಾಗುತ್ತದೆ.

ಈ ಎರಡು ಪ್ರಯೋಗಗಳೂ ಸಣ್ಣವು. ಅವನ್ನು ಹಾಗೆಯೇ 70 ಸಾವಿರ ಚದರ ಕಿಲೋಮೀಟರಿಗೆ ವಿಸ್ತರಿಸುವುದು ಸಾಧ್ಯವಿಲ್ಲ. ಒಂದು ಹಳ್ಳಿಯಲ್ಲಿ ಪರಸ್ಪರ ಮುಖ ಬಲ್ಲವರ ನಡುವೆ ಇರುವ ಒಪ್ಪಂದ ಎರಡು ರಾಜ್ಯಗಳ ನಡುವೆ ತಾನಾಗಿ ಹುಟ್ಟುವುದಿಲ್ಲ. ಆದರೆ ಅವುಗಳಲ್ಲಿ ಸಮಾನವಾಗಿರುವ ತತ್ತ್ವವೊಂದನ್ನು ಯಾವ ಪ್ರಮಾಣಕ್ಕಾದರೂ ಅನ್ವಯಿಸಬಹುದು. ಅಲ್ಲಿ ಕೊಟ್ಟಿರುವುದು ಪಾಲನ್ನು, ನಿಗದಿಯಾದ ಮೊತ್ತವನ್ನಲ್ಲ. ಮೊತ್ತವನ್ನು ಆಶ್ವಾಸನೆಯಾಗಿ ಕೊಟ್ಟಲ್ಲಿ ಬರದ ವರ್ಷ ಮೇಲಿನವನು ಪೂರ್ಣ ಪಡೆಯುತ್ತಾನೆ, ಕೆಳಗಿನವನಿಗೆ ಏನೂ ಉಳಿಯುವುದಿಲ್ಲ. ಪಾಲನ್ನು ಕೊಟ್ಟಲ್ಲಿ ಇಬ್ಬರ ನೀರೂ ಒಟ್ಟಿಗೆ ಹಿಗ್ಗುತ್ತದೆ, ಒಟ್ಟಿಗೆ ಕುಗ್ಗುತ್ತದೆ.

7. ಗಡಿಯ ಕೆಳಗೆ

ಬಚಾವತ್ ತೀರ್ಪಿನ ಪ್ರಕಾರ ಭೀಮೆಯ ಮುಖ್ಯ ಹರಿವಿನಿಂದ ಕರ್ನಾಟಕವು ವರ್ಷಕ್ಕೆ 15 ಟಿಎಂಸಿಗಿಂತ ಹೆಚ್ಚು ನೀರನ್ನು ಬಳಸುವಂತಿಲ್ಲ. ಮಹಾರಾಷ್ಟ್ರದ ಮೇಲ್ಭೀಮಾ ಬಳಕೆಗೂ ಅದು ಮಿತಿಯನ್ನು ವಿಧಿಸಿದೆ. ಆದರೆ ಮಳೆ ತಪ್ಪಿದ ವರ್ಷದಲ್ಲಿ ಯಾವ ತಿಂಗಳು ಎಷ್ಟು ನೀರು ಗಡಿಯನ್ನು ದಾಟಬೇಕು ಎಂಬ ವೇಳಾಪಟ್ಟಿ ಅದರಲ್ಲಿಲ್ಲ. ಕಾವೇರಿಯ ವಿಷಯದಲ್ಲಿ 2007ರ ಅಂತಿಮ ತೀರ್ಪು ತಿಂಗಳುವಾರು ಪ್ರಮಾಣವನ್ನು ಗೊತ್ತುಪಡಿಸಿದುದನ್ನು ಇಲ್ಲಿ ಹೋಲಿಸಿ ನೋಡಬಹುದು. ಅಲ್ಲಿ ಜಗಳವಿದ್ದರೂ ಜಗಳವಾಡಲು ಒಂದು ಪಟ್ಟಿಯಿದೆ. ಭೀಮೆಯಲ್ಲಿ ಅದೂ ಇಲ್ಲ.

ಇದರ ಫಲ ಅಫಜಲಪುರದ ಕಡೆಯ ಹಳ್ಳಿಗಳಲ್ಲಿ ಕಾಣಿಸುತ್ತದೆ. ಸೊನ್ನದ ಬ್ಯಾರೇಜು ಹಿಡಿಯುವ ನೀರು ಸುಮಾರು 3 ಟಿಎಂಸಿ. ಅದು ಬರಿದಾದಾಗ ಕರ್ನಾಟಕವು ಉಜನಿಯಿಂದ ನೀರು ಬಿಡಬೇಕೆಂದು ಮಹಾರಾಷ್ಟ್ರಕ್ಕೆ ಪತ್ರ ಬರೆಯುತ್ತದೆ. 2023ರ ಬೇಸಗೆಯಲ್ಲಿಯೂ ಹೀಗೆಯೇ ಬರೆಯಬೇಕಾಯಿತು. ಪತ್ರಕ್ಕೆ ಉತ್ತರ ಬರುವುದೋ ಇಲ್ಲವೋ ಎಂಬುದು ಆ ವರ್ಷದ ಉಜನಿಯ ಮಟ್ಟವನ್ನೂ ರಾಜಕೀಯ ಸೌಹಾರ್ದವನ್ನೂ ಅವಲಂಬಿಸಿದೆ. ಇನ್ನೊಂದು ಕಡೆ 2020ರ ಅಕ್ಟೋಬರದಲ್ಲಿ ಅದೇ ಹಳ್ಳಿಗಳು ಭೀಮೆಯ ಮಹಾಪೂರದಲ್ಲಿ ಮುಳುಗಿದವು. ಮಳೆಗಾಲದ ಕೊನೆಯಲ್ಲಿ ಮೇಲಿನ ಜಲಾಶಯಗಳು ತುಂಬಿ ನಿಂತಿರುತ್ತವೆ. ಆಗ ಬಂದ ಭಾರಿ ಮಳೆಯನ್ನು ಹಿಡಿಯಲು ಅವುಗಳಲ್ಲಿ ಜಾಗವಿರುವುದಿಲ್ಲ. ಬೇಡಿದಾಗ ಬಾರದ ನೀರು ಬೇಡದಾಗ ಬಂದು ಮನೆಗಳನ್ನು ಕೆಡವುತ್ತದೆ. ಬರ, ನೆರೆ ಎರಡಕ್ಕೂ ಮೂಲದಲ್ಲಿರುವ ಕೊರತೆ ಒಂದೇ: ಕೊಳ್ಳವನ್ನು ಒಂದಾಗಿ ಕಾಣುವ ವ್ಯವಸ್ಥೆಯಿಲ್ಲ.

ಕೆಳಗಿನವರು ನಿರ್ದೋಷಿಗಳೆಂದು ಇದರ ಅರ್ಥವಲ್ಲ. ನೀರು ಕಂಡಲ್ಲೆಲ್ಲ ಕಲಬುರಗಿ, ವಿಜಯಪುರಗಳ ದಂಡೆಯಲ್ಲಿಯೂ ಕಬ್ಬು ಹಬ್ಬುತ್ತಿದೆ. ನೀರನ್ನು ಹಿಡಿದಿಡುವ ನದೀಪಾತ್ರದ ಮರಳನ್ನು ನಮ್ಮವರೇ ಅಗೆದು ಸಾಗಿಸಿದ್ದಾರೆ. ಮೇಲಿನವರಿಂದ ನ್ಯಾಯವನ್ನು ಬೇಡುವವರು ತಮ್ಮ ಕಾಲುವೆಯ ಕೊನೆಯಂಚಿಗೂ ಅದೇ ನ್ಯಾಯವನ್ನು ಸಲ್ಲಿಸಬೇಕು.

8. ಯೋಜನೆಯ ಅಂಗಗಳು

ಮೇಲಿನ ವಿವೇಚನೆಯಿಂದ ಭೀಮಾ ಕೊಳ್ಳದ ಯೋಜನೆಗೆ ಅಗತ್ಯವಾದ ಕೆಲವು ಅಂಗಗಳು ತಾವಾಗಿ ಹೊರಡುತ್ತವೆ. ಮೊದಲನೆಯದು ಒಂದೇ ಲೆಕ್ಕ: ಮಳೆ, ಜಲಾಶಯ, ಬಾವಿ, ಮರಳುವ ನೀರು, ಮಲಿನಜಲ, ಘಟ್ಟದಾಚೆಗೆ ಹೋಗುವ ನೀರು ಇವೆಲ್ಲವೂ ಒಂದೇ ಪುಸ್ತಕದಲ್ಲಿ ಎರಡೂ ರಾಜ್ಯಗಳಿಗೆ ತೆರೆದಿರಬೇಕು. ಎರಡನೆಯದು ಆದ್ಯತೆ: ಜನ, ಜಾನುವಾರು, ನದಿಯ ಕನಿಷ್ಠ ಹರಿವು ಮೊದಲು, ಉಳಿದುದೆಲ್ಲ ಅನಂತರ. ಮೂರನೆಯದು ಪಾಲಿನ ಪದ್ಧತಿ: ಮಳೆಗಾಲ ಮುಗಿದೊಡನೆ, ಅಕ್ಟೋಬರ್ ಮಧ್ಯದ ಹೊತ್ತಿಗೆ ಸಂಗ್ರಹವನ್ನು ಅಳೆದು, ರೈತನು ಹಿಂಗಾರಿ ಬಿತ್ತುವ ಮುನ್ನವೇ ಆ ವರ್ಷದ ಪಾಲನ್ನು ಸಾರಬೇಕು. ನಾಲ್ಕನೆಯದು ಬಹುಮಾಸಿಕ ಬೆಳೆಗಳ ವಿಸ್ತೀರ್ಣವನ್ನು ಬರದ ವರ್ಷದ ನೀರಿಗೆ ಹೊಂದಿಸುವುದು. ಒಳ್ಳೆಯ ವರ್ಷದ ಹೆಚ್ಚಿನ ನೀರು ಋತುಮಾನದ ಬೆಳೆಗಳಿಗೂ ಅಂತರ್ಜಲದ ಮರುಪೂರಣಕ್ಕೂ ಹೋಗಬೇಕು. ಐದನೆಯದು ಬರದ ವರ್ಷಗಳಲ್ಲಿ ವಿದ್ಯುತ್ತಿಗಾಗಿ ಪಶ್ಚಿಮಕ್ಕೆ ತಿರುಗುವ ನೀರಿನ ಮರುಪರಿಶೀಲನೆ. 1927ರಲ್ಲಿ ಮುಂಬಯಿಗೆ ಬೇರೆ ದಾರಿ ಇರಲಿಲ್ಲ. ವಿದ್ಯುತ್ತನ್ನು ಇಂದು ಬೇರೆ ಮೂಲಗಳಿಂದ ಪಡೆಯಬಹುದು, ನೀರನ್ನು ಪಡೆಯಲಾಗದು.

ಇವುಗಳಲ್ಲಿ ಅಪೂರ್ವವಾದುದು ಯಾವುದೂ ಇಲ್ಲ. ನದೀಕೊಳ್ಳವನ್ನೇ ಯೋಜನೆಯ ಘಟಕವೆಂದು ಭಾವಿಸಬೇಕೆಂದು 1987ರ ರಾಷ್ಟ್ರೀಯ ಜಲನೀತಿಯೇ ಹೇಳಿತು. ಮಹಾರಾಷ್ಟ್ರವು ಜಲಸಂಪತ್ತಿನ ನಿಯಂತ್ರಣ ಪ್ರಾಧಿಕಾರಕ್ಕೂ ರೈತರೇ ನೀರಾವರಿಯನ್ನು ನಿರ್ವಹಿಸುವುದಕ್ಕೂ 2005ರಲ್ಲಿ ಕಾಯಿದೆಗಳನ್ನು ಮಾಡಿತು. ತಿಳಿವಳಿಕೆಗೆ ಕೊರತೆಯಿಲ್ಲ, ಕಾಯಿದೆಗೂ ಇಲ್ಲ. ಕೊರತೆ ಇರುವುದು ನೀರಿದ್ದ ವರ್ಷದಲ್ಲಿಯೇ ನೀರಿಲ್ಲದ ವರ್ಷದ ಒಪ್ಪಂದವನ್ನು ಬರೆದಿಡುವ ಮನಸ್ಸಿನಲ್ಲಿ. ಜಲಾಶಯ ತುಂಬಿದಾಗ ಅದರ ಅಗತ್ಯ ಯಾರಿಗೂ ತೋರುವುದಿಲ್ಲ. ಬರಿದಾದಾಗ ಯಾರೂ ಒಪ್ಪುವುದಿಲ್ಲ.

ಸಿದ್ಧರಾಮನ ಕೆರೆ ಸೊಲ್ಲಾಪುರದ ಬಾಯಾರಿಕೆಯನ್ನು ಇಂದು ಹಿಂಗಿಸಲಾರದು. ಆ ನಗರವೂ ಉಜನಿಯ ಕಡೆಗೇ ನೋಡುತ್ತಿದೆ. ಆದರೆ ಆ ಕೆರೆಯ ಹಿಂದಿದ್ದ ತಿಳಿವಳಿಕೆ ಹಳತಾಗಿಲ್ಲ. ನೀರು ತೋಡಿದವನ ಸೊತ್ತಲ್ಲ, ಮೇಲೆ ನಿಂತವನ ಸೊತ್ತೂ ಅಲ್ಲ, ದಂಡೆಗೆ ಬಂದವರೆಲ್ಲರದು ಎಂಬುದು ಆ ತಿಳಿವಳಿಕೆ. ಒಂದು ಕೆರೆಯ ದಂಡೆಯಲ್ಲಿ ಅದನ್ನು ಆಚರಿಸುವುದು ಸುಲಭ. 860 ಕಿಲೋಮೀಟರು ಉದ್ದದ ನದಿಯಲ್ಲಿ ಅದಕ್ಕೆ ಅಳತೆ, ಕಾಯಿದೆ, ಪರಸ್ಪರ ವಿಶ್ವಾಸ ಮೂರೂ ಬೇಕು. ಮುಂದಿನ ನಾಲ್ಕನೆಯ ವರ್ಷ ಬರುವ ಮುನ್ನ ಆ ಮೂರೂ ಒದಗಿದರೆ, ಅಫಜಲಪುರದ ಕಡೆಯಿಂದ ಪುಣೆಯ ಬಸ್ಸನ್ನು ಹತ್ತುವ ಕುಟುಂಬಗಳ ಸಂಖ್ಯೆ ಆ ವರ್ಷ ಸ್ವಲ್ಪವಾದರೂ ಕಡಿಮೆಯಾದೀತು. ಯೋಜನೆಯ ಯಶಸ್ಸನ್ನು ಅಳೆಯಲು ಅದಕ್ಕಿಂತ ನೇರವಾದ ಮಾನದಂಡ ಇನ್ನೊಂದಿಲ್ಲ.